ನಯಾ ಪೈಸೆ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಹಿಂದೆ, ಮಹಡಿ ಮೇಲೆ,
ಹತ್ತಡಿ ಎಂಟಡಿ ಅಂಗಡಿ ನನ್ನದು.
ಕಿಟಕಿ ತೆರೆದರೆ ಬೇಯುವ ಹುಳುವಿನ ವಾಸನೆ,
ಮುಚ್ಚಿದರೆ ಕಾದ ಸೀಸದ್ದು.
ತೆರೆದೇ ಇಡುತ್ತೇನೆ.

ಚೌಡರೆಡ್ಡಿ ತಂದದ್ದು ಹದಿನಾಲ್ಕು ವರ್ಷದ ಲ್ಯಾಪ್‌ಟಾಪು,
ಅಕ್ಕಿಚೀಲದಲ್ಲಿ, ಟವೆಲ್ಲು ಸುತ್ತಿ.
ಕೀಲು ಹೋದ ಕಡೆ ಸೈಕಲ್ಲಿನ ಬೋಲ್ಟು,
ಸಿಡಿ ನುಂಗುತ್ತಿದ್ದ ಬಾಯಲ್ಲಿ ಇನ್ನೊಂದು ಡಿಸ್ಕು,
ತಳಕ್ಕೆ ಕಾಸಿದ ದಬ್ಬಳದಲ್ಲಿ ಚುಚ್ಚಿದ ತೂತುಗಳು,
ಎಣಿಸಿದೆ, ಅರವತ್ತೆರಡು,
ಗಾಳಿಯಾಡಲಿ ಅಂತ.
"ಎಲ್ಲಾ ನಾನೇ ಮಾಡಿದ್ದು" ಅಂದರು.
ಹೆಮ್ಮೆಯೋ ತಪ್ಪೊಪ್ಪಿಗೆಯೋ ತಿಳಿಯಲಿಲ್ಲ.

ಗುಂಡಿ ಒತ್ತಿದೆ. ಫ್ಯಾನು ತಿರುಗಿತು.
ಪರದೆ ತುಂಬ ನೇರಳೆ ಗೆರೆ,
ಹಾಸು ಹೂಡಿ ಹೊಕ್ಕು ಮರೆತ ಮಗ್ಗದ ಹಾಗೆ.

ಮೊದಲು ಪರದೆಯನ್ನೇ ಅನುಮಾನಿಸಬೇಕು, ಅದು ಅಗ್ಗ.
ಮುಚ್ಚಳ ಅಲ್ಲಾಡಿಸಿದೆ, ಕೇಬಲ್ಲು ಕಿತ್ತು ಮತ್ತೆ ಕೂರಿಸಿದೆ,
ಗೆರೆ ಕದಲಲಿಲ್ಲ.
ಹೊರಗಿನ ಮಾನಿಟರಿಗೆ ಹಚ್ಚಿದೆ: ಅಲ್ಲೂ ಅದೇ ನೇರಳೆ.
ಪರದೆ ಪಾಪ, ಹೇಳಿಕೊಟ್ಟದ್ದನ್ನು ಒಪ್ಪಿಸುತ್ತಿದೆ.
ವಿಂಡೋಸ್ ಕಣ್ಣು ಬಿಡುವ ಮೊದಲೇ
ಕಂಪನಿಯ ಹೆಸರಿನ ಮೇಲೇ ಗೆರೆ ಬಿದ್ದಿದೆ ಅಂದಮೇಲೆ
ಸಾಫ್ಟ್‌ವೇರಿನ ತಲೆಗೆ ಕಟ್ಟುವಂತಿಲ್ಲ.
ರ‍್ಯಾಮ್ ಒಂದೊಂದೇ ತೆಗೆದು ನೋಡಿದೆ, ಸುಮ್ಮನೆ,
ಬೇರೆ ಯಾರಾದರೂ ತಪ್ಪಿತಸ್ಥರು ಸಿಗಲಿ ಅಂತ.

ಅವರು ಸ್ಟೂಲು ಎಳೆದುಕೊಂಡರು.
"ಹೋದ ಕಿತ ಚಿಂತಾಮಣೀಲಿ ಒಬ್ಬ ಬಿಸಿಗಾಳಿ ಕೊಟ್ಟ,
ನಲವತ್ತು ದಿನ ಓಡ್ತಮ್ಮ. ನೀನೂ ಒಂದು ಕಿತ ಕೊಡು."

ಬಿಸಿ ನನಗೆ ಗೊತ್ತು.
ಬಿಚ್ಚಾಣಿಕೆ ಬಾನಿಗೆ ಬೆರಳದ್ದಿ ಹದ ಹೇಳುತ್ತಿದ್ದರು ಅಬ್ಬಾ,
ಥರ್ಮಾಮೀಟರು ಮೊಳೆಗೆ ನೇತಾಡುತ್ತಿತ್ತು, ಇನ್‌ಸ್ಪೆಕ್ಟರು ಬಂದಾಗ ತೋರಿಸಲು.
ಬಿರುಕು ಚಿಪ್ಪಿನ ಕೆಳಗಿನ ಬೆಸುಗೆಯಲ್ಲಿದ್ದರೆ ಸರಿ.
ಇದು ಒಳಗಿನದು,
ರಾಗಿಗಿಂತ ಎಷ್ಟೋ ಸಣ್ಣ ಗುಂಡುಗಳದ್ದು.
ಕಾಸಿದರೆ ಒಂದನ್ನೊಂದು ಮುಟ್ಟುತ್ತವೆ,
ಕೂಡುವುದಿಲ್ಲ.

ತಿರುಪು ಬಿಚ್ಚಿ ಶಾಖದ ಕೊಳವೆ ಎತ್ತಿದೆ.
ಒಣಗಿದ ಪೇಸ್ಟಿನ ನಡುವೆ, ಚಿಪ್ಪಿನ ನೆತ್ತಿ ಮೇಲೆ,
ಒಂದು ನಯಾ ಪೈಸೆ.

"ತಾಮ್ರ ಅಲ್ವ? ಸಂದು ತುಂಬ್ಲಿ ಅಂತ ಇಟ್ಟೆ."
ಕಂಚು ರೆಡ್ಡಿಯವರೇ, ಅಂದೆ. ಶಾಖ ಹರಿಯುತ್ತೆ, ಆದರೆ ಹಿಂದೆಮುಂದೆ ನೋಡುತ್ತೆ.
ಒಂದು ಕಡೆ ಉಪ್ಪುಕಾಗದದಲ್ಲಿ ಉಜ್ಜಿದ್ದರು, ಕನ್ನಡಿಯ ಹಾಗೆ.
ತಿರುಗಿಸಿದೆ.
ಚಿಪ್ಪಿಗೆ ಒರಗಿದ್ದ ಕಡೆ
ಹಿಂದಿಯಲ್ಲಿ 'ರೂಪಾಯಿಯ ನೂರನೇ ಭಾಗ' ಅಂತ
ಒಂದೂ ಸವೆಯದೆ ಕೂತಿತ್ತು.
ಅಕ್ಷರದ ಎತ್ತರದಷ್ಟು ಸಂದು.
ಅಷ್ಟೇ ಸಾಕಾಗಿತ್ತು.

ಈ ಕಡೆ ಯಾಕೆ ಬಿಟ್ಟಿರಿ?

ಅವರು ಕಿಟಕಿಯಾಚೆ ನೋಡಿದರು.
ಎದುರಿನ ಗೋಡೆಯಲ್ಲಿ ಅವರೇ ಬರೆದ ಗೊಬ್ಬರದ ಜಾಹೀರಾತು,
ಫ್ಲೆಕ್ಸು ಬರುವ ಮೊದಲಿನದು,
'ಯೂರಿಯಾ'ದ ಯೂ ಇನ್ನೂ ಕೆಂಪಗಿದೆ.
"ಅಕ್ಷರ ಇತ್ತಲ್ಲಮ್ಮ. ಬರಿಯೋನು ನಾನು.
ಅಳಿಸಕ್ಕೆ ಕೈ ಬರ್ಲಿಲ್ಲ."

ಬಿಸಿ ಕೊಡಲಿಲ್ಲ.
ಬಯೋಸಿನಲ್ಲಿ ಸತ್ತ ಚಿಪ್ಪಿನ ಹೆಸರು ಹುಡುಕಿ ಬಾಗಿಲು ಹಾಕಿದೆ.
ಪ್ರೊಸೆಸರಿನೊಳಗೆ ಇನ್ನೊಂದಿತ್ತು, ಬಡಪಾಯಿ,
ಇಷ್ಟು ವರ್ಷ ಯಾರೂ ಕೆಲಸ ಹೇಳಿರಲಿಲ್ಲ.
ಆಟ ಆಡಲಾರದು, ಅಂದೆ, ವಿಡಿಯೋ ಮುಗ್ಗರಿಸುತ್ತೆ,
ನಿಮ್ಮ ಅಕ್ಷರಕ್ಕೆ ಸಾಕು.

ನಾಳೆ ಬೆಳಗ್ಗೆಗೆ ಬೇಕಾದ ಫ್ಲೆಕ್ಸು ತೆರೆದರು.
ಮೊದಲನೇ ವರ್ಷದ ಪುಣ್ಯಸ್ಮರಣೆ,
ಇಪ್ಪತ್ತಡಿ ಹತ್ತಡಿ.
ಮೇಲಿನಿಂದ ಒಂದೊಂದೇ ಪಟ್ಟಿಯಾಗಿ ಇಳಿಯತೊಡಗಿತು ಮುಖ:
ರುಮಾಲು, ನರೆತ ಹುಬ್ಬು, ಒಂದು ಕಣ್ಣು,
ತುಸು ತಡೆದು, ಇನ್ನೊಂದು.
ಗುರುತು ಸಿಕ್ಕಿತು. ದ್ಯಾವಪ್ಪ.
ಕಂಪ್ಯೂಟರಿನ ಹರಾಜು ಬರುವ ಮುಂಚೆ
ಗೂಡಿನ ರಾಶಿಗಳ ನಡುವೆ ನಿಂತು ದರ ಕೂಗುತ್ತಿದ್ದವರು.
ಅಬ್ಬಾ ಮನೆಗೆ ಬಂದು ಅವರ ಹಾಗೇ ಕೂಗಿ ನಮ್ಮನ್ನು ನಗಿಸುತ್ತಿದ್ದರು.

ಮೂಗಿನ ತುದಿಗೆ ಬಂದು ನಿಂತಿತು ಚಿತ್ರ.
ಫ್ಯಾನು ಜೋರಾಯಿತು.
ಚೌಡರೆಡ್ಡಿ ಕೈಯಲ್ಲಿ ಪೈಸೆ ತಿರುವುತ್ತ,
ನಾನು ಸ್ಕ್ರೂಡ್ರೈವರು ಕೆಳಗಿಡದೆ,
ಇಬ್ಬರೂ ಕಾದೆವು
ಬಾಯಿ ಬರಲಿ ಅಂತ.