ಗುಂಡು ನುಂಗುವ ಮಣ್ಣು

ಕುಷ್ಟಗಿಯ ಸುತ್ತ ನಾಲ್ಕು ಭಾನುವಾರ ತಿರುಗಿದೆವು.
ನಾನು, ಜುಬೇದಾ, ಡ್ರಿಲ್ ಮಾಸ್ತರ ಶರಣಯ್ಯ,
ಅವರ ಹಳೇ ಓಮ್ನಿಯ ಹಿಂದಿನ ಸೀಟಿನಲ್ಲಿ
ಜಮಖಾನ ಸುತ್ತಿಕೊಂಡು ಭಜನೆಗೆ ಹೊರಟ ತಂಬೂರಿಯ ಹಾಗೆ
ಒಂದು ಏರ್ ರೈಫಲ್ಲು.

ಬೇಕಾದದ್ದು ಹೆಚ್ಚೇನಲ್ಲ:
ಇಪ್ಪತ್ತೈದು ಮೀಟರು ಬಯಲು,
ತುದಿಗೆ ಆಳೆತ್ತರ ಮಣ್ಣು,
ಮಣ್ಣಿನ ಹಿಂದೆ
ಯಾರೂ ಇರಬಾರದು.

ಕಾಲೇಜಿನ ಎನ್‌ಸಿಸಿ ಕ್ಯಾಂಪಿನಲ್ಲಿ
ಐದಕ್ಕೆ ಐದು ಹೊಡೆದಿದ್ದೆ ಒಂದು ಬೆಳಗ್ಗೆ.
ಈಗ ಜಿನ್ನಿನ ಮುಂದಿನ ತೂಕದ ಮನೆಯಲ್ಲಿ ಕೂತು
ಹತ್ತಿ ಲಾರಿಗಳ ಲೆಕ್ಕ ಬರೆಯುತ್ತೇನೆ.
ಲಾರಿ ತೂಗುಗಟ್ಟೆಗೆ ಹತ್ತಿ, ಅಂಕಿ ಕುಣಿದು ಕುಣಿದು ನಿಲ್ಲುವ ಹೊತ್ತಿಗೆ
ಉಸಿರು ತಾನಾಗಿ ಅರ್ಧಕ್ಕೆ ನಿಲ್ಲುತ್ತದೆ ಇವತ್ತಿಗೂ.

ಮೊದಲು ಗುಡ್ಡಕ್ಕೆ ಹೋದೆವು.
ಬಂಡೆಯ ಮರೆಯಿಂದ ಗಾರ್ಡು ಎದ್ದು ಬಂದ, ಕೈಯಲ್ಲಿ ಬುತ್ತಿ.
‘ಇಲಾಖೆ ಗುಡ್ಡರೀ ಇದು. ಒಳಗ ಕರಡಿ ಮಲಗ್ಯಾವ.
ಅವುಕ್ಕ ಹೆಂಗ ತಿಳೀಬೇಕು, ಇದು ನಿಮ್ಮ ಆಟ ಅಂತ?’
ಸುಣ್ಣ ಬಳಿದ ಕಲ್ಲು ತೋರಿಸಿದ. ಅದರಾಚೆ ಗಾಯರಾಣ.
ಗಾಯರಾಣದಲ್ಲಿ ಹಟ್ಟಿ ಹಾಕಿದ ಮುದುಕಿ
ನಮ್ಮ ಗುರಿಹಲಗೆಯ ಕರಿ ಚುಕ್ಕೆ ನೋಡಿ
‘ದೃಷ್ಟಿಬೊಟ್ಟು ಯಾರಿಗವ್ವಾ?’ ಅಂದಳು.
ಅವಳ ಮರಿಗಳು ಹಲಗೆಯ ಹಿಂದೆಯೇ ಮೇಯುತ್ತಿದ್ದವು.
ಜಮಖಾನ ಬಿಚ್ಚಲೇ ಇಲ್ಲ.

ಎರೆ ಹೊಲದ ಬದು ಚೆನ್ನಾಗಿತ್ತು,
ಎದೆಮಟ್ಟ, ಮೆತ್ತಗೆ.
ಹೊಲದವನು ಬೇಡ ಅನ್ನಲಿಲ್ಲ, ಕುಸುಬಿಯ ಹೂವೊಂದನ್ನು ಕಿತ್ತು
ಬೆರಳಲ್ಲಿ ತಿರುಗಿಸುತ್ತ ಕೇಳಿದ:
‘ಸೀಸಾ ಮೊಳಕಿ ಒಡೀತದೇನ್ರಿ?’
ಮೂವರಿಗೂ ಉತ್ತರ ಬರಲಿಲ್ಲ.
ಅವನ ಮನೆಯ ಚಹಾ ಕುಡಿದು ಬಂದೆವು.

ಠಾಣೆಯಲ್ಲಿ ರೈಟರು ಹಾಳೆ ತಿರುವಿ ಹಾಕಿ
‘ಬಂದೂಕಿನ ಕಾಗದ ಸರಿ ಅದ. ಜಾಗದ ಕಾಗದ?’
ಅಂದರು. ಜುಬೇದಾ ನಕ್ಕಳು.
ಅವಳು ನಕ್ಕದ್ದಕ್ಕೆ ಒಂದು ವಾರ ತಡವಾಯಿತು.

ಕೊನೆಗೆ ಸಿಕ್ಕಿದ್ದು ನಿಂತುಹೋದ ಕಲ್ಲುಗಣಿ.
ಕೆಂಪು ಗ್ರಾನೈಟಿನ ಮೂರು ಗೋಡೆ, ಮನೆ ಕೊರೆದಷ್ಟು ನುಣುಪು,
ತಳದಲ್ಲಿ ಹಸಿರು ನೀರು, ನೀರಿನಲ್ಲಿ ಒಂದು ಚಪ್ಪಲಿ.
ಎಂಥ ಜಾಗ! ಎಂದು ನಾನು ಜಮಖಾನದ ಗಂಟಿಗೆ ಕೈ ಹಾಕಿದರೆ
ಕಾವಲಿನ ಗವಿಸಿದ್ದಪ್ಪ ಕೈ ಅಡ್ಡ ಹಿಡಿದ.
‘ಕಲ್ಲು ಯಾರದೂ ಇಟ್ಕೊಳ್ಳೂದಿಲ್ಲ, ಬಾಯಾರ.
ಕೊಟ್ಟದ್ದು ತಿರುಗಿ ಕೊಡ್ತದ.’
ಅವನ ಎಡಗಣ್ಣು ಬಿಳುಪು.
ಉಳಿ ಹಿಡಿದ ಮೂರನೇ ವರ್ಷ, ಒಂದು ಚಕ್ಕೆ.

ಇಷ್ಟು ದೊಡ್ಡ ಸೀಮೆ, ಇಷ್ಟೊಂದು ಬಯಲು.
ಕಲ್ಲಿದ್ದಲ್ಲಿ ಕಲ್ಲು ತಿರುಗಿ ಹೊಡೆಯುತ್ತದೆ,
ಮಣ್ಣಿದ್ದಲ್ಲಿ ಯಾರಾದರೂ ಬಿತ್ತಿದ್ದಾರೆ.

ಅವನೇ ನಮ್ಮನ್ನು ಹಿಂದಕ್ಕೆ ಕರೆದೊಯ್ದ.
ಕಲ್ಲು ಸಿಗುವ ಮುಂಚೆ ಅಗೆದು ಒಗೆದ ಮರಂ ಮಣ್ಣು,
ಯಾರಿಗೂ ಬೇಡವಾಗಿ ಗುಡ್ಡವಾಗಿತ್ತು,
ಮೇಲೆ ನಾಲ್ಕು ಜಾಲಿ.
ಮಾಲೀಕರ ಪತ್ರ, ಪಂಚಾಯಿತಿಯ ಸಿಕ್ಕ,
ಠಾಣೆಯ ಒಂದು ಸಾಲು: ಕೆಂಪು ಬಟ್ಟೆ ಕಟ್ಟಬೇಕು,
ಹೊತ್ತು ಮುಳುಗುವ ಮುಂಚೆ ಮುಗಿಸಬೇಕು.
ಕೆಂಪು ಬಟ್ಟೆಗೆ ಶರಣಯ್ಯನವರು ಶಾಲೆಯ ಕಬಡ್ಡಿ ಬನಿಯನ್ ತಂದಿದ್ದರು.
ನಂಬರು ಏಳು ಗಾಳಿಗೆ ಹೊಟ್ಟೆ ಉಬ್ಬಿಸಿ ನಿಂತಿತು.

ಅಂಗಾತ ಅಲ್ಲ, ಬೋರಲು ಮಲಗಿದೆ, ಇಪ್ಪತ್ತೆರಡು ವರ್ಷದ ಮೇಲೆ.
ಮೊಣಕೈಗೆ ಹರಳು ಚುಚ್ಚಿತು.
ಅಂಕಿ ಕುಣಿದು
ಕುಣಿದು
ನಿಂತಿತು.
ಮೊದಲನೆಯದು ಹಲಗೆಗೇ ತಾಗಲಿಲ್ಲ.
ಮಣ್ಣು ಮಾತ್ರ ‘ಹೂಂ’ ಅಂದಿತು,
ಕತೆ ಕೇಳುವವರು ಅನ್ನುತ್ತಾರಲ್ಲ, ಹಾಗೆ.

ನಲವತ್ತು ಹೊಡೆದೆವು.
ಆಮೇಲೆ ಜುಬೇದಾಳ ಅಮ್ಮನ ಜೋಳದ ಸಾಣಿಗೆ ಹಿಡಿದು
ಗುಡ್ಡದ ಹೊಟ್ಟೆ ಕೆದಕಿ, ಸೋಸಿ,
ಚಪ್ಪಟೆಯಾದ ಸೀಸದ ಕಾಳು ಆರಿಸಿದೆವು.
ಮೂವತ್ತೇಳು.
ಕತ್ತಲಾಗುವ ತನಕ ಗವಿಸಿದ್ದಪ್ಪನೂ ಹುಡುಕಿದ
ಒಂದೇ ಕಣ್ಣಿನಲ್ಲಿ.

ಮೂರು ಕಡಿಮೆ ಎಂದು ಬರೆದುಕೊಂಡಿದ್ದೇನೆ,
ತೂಕದ ಪುಸ್ತಕದ ಕೊನೇ ಪುಟದಲ್ಲಿ.