ಹ್ಯಾಂಡ್‌ಬ್ರೇಕ್ ಎಳೆಯಬಾರದು

ಕೆಮಿಯಾರ್ವಿಯಲ್ಲಿ ಅಕ್ಟೋಬರ್ ಕೊನೆ.
ಕೆರೆಯ ಅಂಚು ಆಗಲೇ ಕೆನೆಗಟ್ಟಿದೆ.
ಶೆಡ್ಡಿನ ಬಾಗಿಲು ಹಾರುಹೊಡೆದು ತಮ್ಮ ಇಲ್ಪೊ
ಹಸಿರು ಸಾಬ್ ಕಾರನ್ನು ತೊಳೆಯುತ್ತಿದ್ದಾನೆ, ಬಿಸಿನೀರಲ್ಲಿ,
ಮಡ್‌ಗಾರ್ಡಿನ ಒಳಮೈ, ಬಾಗಿಲ ಸಂದು,
ಮಣ್ಣು ಕೂತ ಮೂಲೆಮೂಲೆಗೂ ಬೆರಳು ಹಾಕಿ.
"ಕೊಳೆ ಇಟ್ಟುಕೊಂಡು ಮಲಗಿಸಬಾರದು" ಅಂತಾನೆ,
ನನ್ನ ಮುಖ ನೋಡದೆ.

ಹದಿನಾಲ್ಕು ತಿಂಗಳು ಲೈಸೆನ್ಸ್ ಇಲ್ಲ ಅವನಿಗೆ.
ಆಗಸ್ಟಿನ ಆ ರಾತ್ರಿ, ಆ ತಿರುವಿನಲ್ಲಿ,
ಅಡ್ಡ ಬಂದದ್ದು ಹಿಮಸಾರಂಗ.
ಸಾರಂಗವಲ್ಲದೆ ಬೇರೆ ಏನಾದರೂ ಆಗಿದ್ದರೆ
ಎಂಬ ಮಾತನ್ನು ನಮ್ಮ ಮನೆಯಲ್ಲಿ
ಯಾರೂ ಪೂರ್ತಿ ಮಾಡುವುದಿಲ್ಲ.
ಒಡೆದ ಎಡಗಣ್ಣಿಗೆ ಹೊಸ ಗಾಜು ಕೂರಿಸಿದ್ದಾನೆ.
ಬಂಪರಿನ ತಗ್ಗು ಮಾತ್ರ ಹಾಗೇ ಬಿಟ್ಟಿದ್ದಾನೆ.

ಟ್ಯಾಂಕು ತುಂಬಿಸಿಕೊಂಡು ಬಂದವಳು ನಾನು,
ಕತ್ತಿನ ತನಕ.
ಅರ್ಧ ಖಾಲಿ ಇದ್ದರೆ ಗಾಳಿ ಕೂರುತ್ತೆ,
ಗಾಳಿಯಿಂದ ನೀರು, ನೀರಿಂದ ತುಕ್ಕು.
ಪೆಟ್ರೋಲು ಕೆಡದ ಹಾಗೆ ಔಷಧಿ ಸುರಿದ.
ಬಾಟಲಿಯ ಕುತ್ತಿಗೆ ಹಿಡಿದ ಕೈ ನಡುಗಿದ್ದನ್ನು
ಇಬ್ಬರೂ ಚಳಿ ಅಂದುಕೊಂಡೆವು.

ಹಳೆಯ ಎಂಜಿನ್ ಆಯಿಲು ಇಳಿಸಿದ, ಕಪ್ಪಗೆ, ಕಾಫಿ ಗಷ್ಟಿನಂತೆ.
ಓಡುವಾಗ ಕಾಪಾಡಿದ್ದೇ
ನಿಂತಾಗ ಕಚ್ಚುತ್ತದಂತೆ.
ಬ್ಯಾಟರಿ ಬಿಚ್ಚಿ ಒಳಗೆ ತಂದ,
ಮೊಗಸಾಲೆಯಲ್ಲಿ ಬೂಟುಗಳ ಪಕ್ಕ ಇಟ್ಟ.
ಹನಿಹನಿಯಾಗಿ ಉಣಿಸುವ ಚಾರ್ಜರಿನ ಹಸಿರು ಚುಕ್ಕೆ
ರಾತ್ರಿ ನೀರಿಗೆದ್ದಾಗ ನನಗೆ ದಾರಿ.

ಇಲಿ ನುಗ್ಗದಿರಲೆಂದು ಹೊಗೆಕೊಳವೆಗೆ
ಉಕ್ಕಿನ ನಾರು ತುರುಕಿದ,
ಬಾಣಂತಿಯ ಕಿವಿಗೆ ಹತ್ತಿ ಇಟ್ಟ ಹಾಗೆ.
ಪ್ಲಾಸ್ಟಿಕ್ ಹೊದಿಸಿದರೆ ಬೆವರುತ್ತೆ ಅಂತ
ಅಮ್ಮನ ಹೂವಿನ ಹಾಸಿಗೆಬಟ್ಟೆ ಮೂರು ಸೇರಿಸಿ
ನಾನೇ ಹೊಲಿದೆ. ಗಾಜಿಗೆ ಬೆರಿಹಣ್ಣಿನ ಕಲೆ ಬಂತು.
"ಹ್ಯಾಂಡ್‌ಬ್ರೇಕ್ ಎಳೆಯಬೇಡ ತೂವಿ,
ಬಿಗಿಹಿಡಿದದ್ದು ಹಿಡಿದಲ್ಲೇ ಕಚ್ಚಿಕೊಳ್ಳುತ್ತೆ.
ಮರದ ತುಂಡು ಒತ್ತಾಗಿಡು, ಸಾಕು."

ನಿಂತಲ್ಲೇ ನಿಂತರೆ ಟೈರಿಗೂ ಜಡ್ಡುಗಟ್ಟುತ್ತದೆ.
ತಿಂಗಳಿಗೊಂದು ಭಾನುವಾರ ಭುಜ ಕೊಟ್ಟು
ಒಂದು ಮೊಳ ಮುಂದಕ್ಕೆ ನೂಕುತ್ತೇವೆ,
ಮುಂದಿನ ತಿಂಗಳು ಒಂದು ಮೊಳ ಹಿಂದಕ್ಕೆ.
ಇಷ್ಟೇ ನಮ್ಮ ಪ್ರಯಾಣ.

ಕೀಲಿಕೈ ನನ್ನ ಹತ್ತಿರ, ರೈ ಹಿಟ್ಟಿನ ಡಬ್ಬಿಯಲ್ಲಿ.
ಜನವರಿಯಲ್ಲೊಂದು ರಾತ್ರಿ, ಸೊನ್ನೆಗಿಂತ ಮೂವತ್ತು ಕೆಳಗೆ,
ಶೆಡ್ಡಿನ ಬಾಗಿಲು ಕಿರುಗುಟ್ಟಿತು.
ಡಬ್ಬಿ ಮುಟ್ಟಿ ನೋಡಿಕೊಂಡೇ ಓಡಿದೆ.
ಹೊದಿಕೆ ಅರ್ಧ ಮಡಚಿ ಒಳಗೆ ಕೂತಿದ್ದ,
ಸ್ಟಿಯರಿಂಗಿನ ಮೇಲೆ ಎರಡೂ ಕೈ,
ಗಾಜಿನ ತುಂಬ ಅವನ ಉಸಿರು.
ಬಗ್ಗಿ ಮೂಸಿದೆ. ನಾಚಿಕೆಯಾಯಿತು.
ಬರೀ ಚಕ್ಕಳದ ವಾಸನೆ, ಬರೀ ಚಳಿ.

"ಐದು ನಿಮಿಷ ಚಾಲೂ ಮಾಡಿ ಆರಿಸಬಾರದು" ಅಂದ,
"ಎಷ್ಟೋ ಜನ ಮಾಡ್ತಾರೆ, ಸದ್ದು ಕೇಳೋ ಆಸೆಗೆ.
ಬಿಸಿಯಾಗೋದರೊಳಗೆ ಆರಿಸಿದರೆ ನೀರೆಲ್ಲ ಒಳಗೇ.
ಹೊರಟರೆ ಮೂವತ್ತು ಕಿಲೋಮೀಟರು ಹೋಗಬೇಕು,
ಇಲ್ಲ, ಮುಟ್ಟಲೇಬಾರದು."
ಯಾವುದರ ಮಾತು ಅಂತ ನಾನು ಕೇಳಲಿಲ್ಲ.
ಪಕ್ಕದ ಸೀಟಿನಲ್ಲಿ ಕೂತೆ.
ಕಾಲು ಮರಗಟ್ಟುವ ತನಕ ಇಬ್ಬರೂ
ಮುಂದಿನ ಗೋಡೆ ನೋಡಿದೆವು,
ಅಲ್ಲಿ ನೇತುಹಾಕಿದ ಎರಡು ಸ್ಕೀ, ಒಂದು ಗರಗಸ.

ಏಪ್ರಿಲ್. ಸೂರು ಹನಿಯುತ್ತಿದೆ.
ಕಾರಿನ ಕಾಗದ ಹುಡುಕುತ್ತ ಡ್ಯಾಶ್‌ಬೋರ್ಡಿನ ಖಾನೆ ತೆಗೆದವನು
ಕೈ ಹಿಂದಕ್ಕೆಳೆದುಕೊಂಡ.
ಉಕ್ಕಿನ ನಾರಿಗೆ ಜಗ್ಗದೆ ಇನ್ನೆಲ್ಲಿಂದಲೋ ಬಂದಿದ್ದಳು ಇಲಿ.
ಕೋರ್ಟಿನ ಪತ್ರವನ್ನು ಎಳೆಎಳೆ ಸೀಳಿ ಗೂಡು ಮಾಡಿದ್ದಳು.
'...ಕ್ಕೆ ಒಳಪಟ್ಟು' ಎಂಬಷ್ಟು ಓದಲು ಉಳಿದಿತ್ತು.
ಅದರ ಮೇಲೆ ನಾಲ್ಕು ಮರಿ,
ಕಣ್ಣು ತೆರೆಯದ, ಬೆರಳ ತುದಿಯಷ್ಟರವು.

ಎಷ್ಟೋ ಹೊತ್ತು ಬಗ್ಗಿ ನೋಡಿದ ಇಲ್ಪೊ.
ಸದ್ದಾಗದ ಹಾಗೆ ಖಾನೆ ಮುಚ್ಚಿದ.
ಆ ದಿನ ಭಾನುವಾರ, ನೂಕುವ ದಿನ.
ಮರದ ತುಂಡು ತೆಗೆದು ಭುಜ ಕೊಟ್ಟು ನಿಂತೆವು.
"ಈ ಸಲ ಮೆಲ್ಲಗೆ" ಅಂದ.
ಒಂದು ಮೊಳ, ಹಿಂದಕ್ಕೆ.