ಅಂಚಿನಿಂದ ಮೊದಲು

ಮೂರು ಗಂಟೆಗೇ ಇಲ್ಲಿ ದಿನ ಅಂಗಡಿ ಮುಚ್ಚಲು ತಯಾರು.
ಸ್ಲಾಥ್‌ವೇಟ್ ಅಂತ ಬರೆದು ಸ್ಲಾವಿಟ್ ಅನ್ನುವ ಈ ಊರಲ್ಲಿ
ಕಾಲುವೆ ಮಾತ್ರ ಬರೆದ ಹಾಗೇ ಓದಿಸಿಕೊಳ್ಳುತ್ತದೆ:
ನೇರ, ಕಪ್ಪು, ಅವಸರವಿಲ್ಲ.

ಬೆಳಿಗ್ಗೆ ಲೈಸೆನ್ಸನ್ನು ಅಂಚೆಡಬ್ಬಿಗೆ ಹಾಕಿ ಬಂದೆ.
ಇಪ್ಪತ್ತಾರು ವರ್ಷ ಹಡರ್ಸ್‌ಫೀಲ್ಡಿನ ಬಸ್ಸು ಓಡಿಸಿದವನ
ಅಂಗೈಯಗಲದ ಪ್ಲಾಸ್ಟಿಕ್ಕು,
ಬಿದ್ದ ಸದ್ದೂ ಕೇಳಲಿಲ್ಲ.
ಕಣ್ಣಿನ ಡಾಕ್ಟರು ಮೆತ್ತಗೆ ಹೇಳಿದ್ದರು:
ನೋಟ ಹೋಗುವುದು ಅಂಚಿನಿಂದ ಮೊದಲು,
ನಡು ಬಹಳ ದಿನ ಇರುತ್ತದೆ.
ಎಷ್ಟು ದಿನ ಅಂತ ಕೇಳಿದ್ದು ವನಮಾಲಾ.
ನಾನು ಗೋಡೆಯ ಚಾರ್ಟಿನಲ್ಲಿ
ಕೊನೆಯ ಸಾಲು ಓದುತ್ತಿದ್ದೆ, ಸರಿಯಾಗಿಯೇ.

"ಸೋಫಾದಲ್ಲಿ ಕೂತು ಬ್ರೇಕ್ ಒತ್ತಬೇಡಿ,
ಎದ್ದು ನಡೀರಿ" ಅಂದಳು ಊಟವಾದ ಮೇಲೆ,
ನನ್ನ ಬಲಗಾಲು ತಾನೇ ತಾನಾಗಿ
ಕಾರ್ಪೆಟ್ಟು ಒತ್ತುವುದನ್ನು ಕಂಡು.

ಹಾಗೆ ಬಂದೆ. ಕುದುರೆಗಳ ದಾರಿ ಇದು;
ದೋಣಿ ನೀರಲ್ಲಿ, ಕುದುರೆ ದಡದಲ್ಲಿ, ನಡುವೆ ಹಗ್ಗ.
ಮೊದಲ ಸೇತುವೆಯ ಕಲ್ಲಿನ ಮೂಲೆಗೆ
ಹಗ್ಗ ಕೊರೆದ ಗೀರುಗಳು; ಬೆರಳಿಟ್ಟರೆ ಗೆಣ್ಣಿನವರೆಗೆ ಇಳಿಯುತ್ತದೆ.
ನಮ್ಮೂರ ಬಾವಿಯ ಕಲ್ಲಿಗೂ ಇಂಥದೇ ಹಲ್ಲು ಮೂಡಿತ್ತು.
ಅಲ್ಲಿ ಸೇದಿದವರ ಹೆಸರು ಗೊತ್ತಿತ್ತು ನನಗೆ.
ಇಲ್ಲಿ ಕುದುರೆಗೆ ಯಾವ ಹೆಸರಿತ್ತೋ.

ನೀರು ಹೆಪ್ಪುಗಟ್ಟುತ್ತಿದೆ. ಜೊಂಡಿನ ಬುಡದಿಂದ
ಆ ಕಡೆ ಈ ಕಡೆ ಹಾಲಿನ ಕೆನೆಯ ಹಾಗೆ ಹಿಡಿದು
ನಡುವೆ ಒಂದು ಮಾರು ಅಗಲ ಕಪ್ಪು ಉಳಿದಿದೆ,
ಅದರಲ್ಲಿ ಒಂದೇ ಬಾತುಕೋಳಿ, ಓಣಿಯಲ್ಲಿ ಹೋಗುವವಳಂತೆ.
ನಿಂತು ನೋಡಿದೆ. ಸ್ವಲ್ಪ ಹೆಚ್ಚೇ ಹೊತ್ತು.

"ಓಯ್ ಲವ್! ಒಂದು ಹೆಗಲು ಕೊಡ್ತೀಯಾ?"
ಎಡಗಡೆಯಿಂದ ದನಿ. ಎಡಗಡೆ ಈಗೀಗ
ನನಗೆ ತಡವಾಗಿ ತಲುಪುತ್ತದೆ.
ಕತ್ತು ಪೂರ್ತಿ ತಿರುಗಿಸಿದರೆ
ಹಸಿರು ದೋಣಿ, ಹೊಗೆ ಕೊಳವೆ, ಎಪ್ಪತ್ತು ದಾಟಿದ ಒಬ್ಬಾಕೆ,
ಕೈತುಂಬ ಎಣ್ಣೆಮಸಿ. ಮ್ಯಾವಿಸ್ ಹೆಲ್ಲಿವೆಲ್ ಅಂತೆ.
ಎಂಜಿನ್ ಸತ್ತಿದೆ.
ನೀರು ಹಿಡಿಯುವ ನಲ್ಲಿ ಇನ್ನೂ ಮುನ್ನೂರು ಗಜ.
"ತೂಕ ಎಷ್ಟು?" ಕೇಳಿದೆ, ಹಳೆಯ ಚಾಳಿ.
"ಹದಿನಾಲ್ಕು ಟನ್ನು. ಬೆಕ್ಕು ಸೇರಿ."
ಖಾಲಿ ಡಬಲ್ ಡೆಕ್ಕರಿಗಿಂತ ಎರಡು ಜಾಸ್ತಿ.

ಒದ್ದೆ ಹಗ್ಗ ಹೆಗಲಿಗೆ ಹಾಕಿಕೊಂಡು ಜಗ್ಗಿದೆ.
ಏನೂ ಆಗಲಿಲ್ಲ.
ಮೂಗು ಬೂಟಿಗೆ ಹತ್ತಿರವಾಗುವಷ್ಟು ಬಾಗಿದೆ.
ಏನೂ ಆಗಲಿಲ್ಲ.
"ಜಗ್ಗಬೇಡ, ಒರಗು" ಅಂದಳು ಚುಕ್ಕಾಣಿ ಹಿಡಿದು,
"ಅದು ಮೊದಲು ಯೋಚನೆ ಮಾಡುತ್ತೆ."
ಒರಗಿದೆ. ಯೋಚನೆ ಮಾಡಿತು.
ಆಮೇಲೆ ಬಂತು, ಮಲಗಿದ ಕೂಸು ಮಗ್ಗುಲಾದ ಹಾಗೆ,
ಹದಿನಾಲ್ಕು ಟನ್ನು, ನನ್ನ ಹಿಂದೆ.

ಮೂತಿ ತಗುಲಿದಲ್ಲಿ ಮಂಜುಗಡ್ಡೆ ಒಡೆಯುತ್ತ ಬಂತು,
ಮೊದಲು ಹಪ್ಪಳ ಮುರಿದ ಹಾಗೆ,
ಆಮೇಲೆ ಬಳೆಗಾರನ ಮಲಾರ ಬಿದ್ದ ಹಾಗೆ;
ಚೂರುಗಳು ದಡದವರೆಗೂ ಜಾರಿ
ಒಂದರ ಮೇಲೊಂದು ಹತ್ತಿ ಕೂತವು.
ಬಾತುಕೋಳಿ ಬೈದುಕೊಂಡು ಎದ್ದು ಹೋಯಿತು.
ನಾಯಿ ಹಿಡಿದ ಹುಡುಗನೊಬ್ಬ ನಿಂತು
ನನ್ನ ನೋಡಿ, ದೋಣಿ ನೋಡಿ, ಮತ್ತೆ ನನ್ನ ನೋಡಿದ.
ಸ್ಟೀರಿಂಗಿನ ಮೇಲಿಂದ ಎತ್ತುತ್ತಿದ್ದ ಹಾಗೆ
ಒಂದು ಬೆರಳೆತ್ತಿ ಮಾತಾಡಿಸಿದೆ.

ಎರಡನೇ ಸೇತುವೆ. ಹಗ್ಗ ಕಲ್ಲಿಗೆ ಉಜ್ಜಿ
ಹಳೆಯ ಗೀರೊಂದನ್ನು ತಾನೇ ಹುಡುಕಿಕೊಂಡು ಕೂತಿತು.

ನಿಲ್ಲಿಸುವುದೇ ಕಷ್ಟ. ಬಲಗಾಲು ನೆಲ ಒತ್ತಿತು,
ಪ್ರಯೋಜನವಿಲ್ಲ; ದೋಣಿ ನನ್ನನ್ನು ದಾಟಿ ಹೊರಟಿತ್ತು.
"ಗೂಟಕ್ಕೆ ಸುತ್ತು, ಗೂಟಕ್ಕೆ!" ಮೂರು ಸುತ್ತು.
ಹಗ್ಗ ಕಿರುಗುಟ್ಟಿ, ನೀರು ಹಿಂಡಿ, ನಿಂತಿತು.
ಚಹಾ ಕೊಟ್ಟಳು, ಕಡುಕಂದು, ಎರಡು ಚಮಚ ಸಕ್ಕರೆ;
ವನಮಾಲಾಗೆ ಹೇಳುವುದಿಲ್ಲ.
"ಏನು ಕೆಲಸ?" ಕೇಳಿದಳು.
"ಡ್ರೈವರ್" ಅಂದೆ. ಬಾಯಿಗೆ ಬಂದದ್ದು ಅದೇ.
ಆಕೆ ಹಗ್ಗ ನೋಡಿದಳು, ನಕ್ಕಳು.

ವಾಪಸ್ಸು ಬರುವಾಗ ನಾಲ್ಕು ದಾಟಿತ್ತು. ಗುಡ್ಡಗಳು ಮೊದಲು ಹೋದವು,
ಆಮೇಲೆ ಗಿರಣಿಯ ಕಿಟಕಿಗಳು, ಆಮೇಲೆ ಆಚೆ ದಡ.
ನಾವು ಒಡೆದ ನೀರಿನ ಮೇಲೆ ಆಗಲೇ
ಹೊಸ ಕೆನೆ ಕಟ್ಟಲು ಶುರು.
ಹೆಗಲು ಉರಿಯುತ್ತಿತ್ತು. ಜೇಬಿನ ಟಾರ್ಚು ತೆಗೆದು
ಹಚ್ಚದೆ ಕೈಯಲ್ಲಿ ಹಿಡಿದು ನಡೆದೆ.
ಕಾಲಿನ ಮುಂದೆ ದಾರಿ ಕಾಣುತ್ತಿತ್ತು,
ಒಂದು ಕುದುರೆಯಷ್ಟು ಅಗಲ.